ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಲಾ ಚಟುವಟಿಕೆ ಮತ್ತು ಸಮಾನ ಅವಕಾಶ: ವಿದ್ಯಾರ್ಥಿಗಳು ಹಾಗೂ ಪೋಷಕರಿಗೆ ಮಾಹಿತಿ

ಪೀಠಿಕೆ

ಪ್ರವೇಶಪತ್ರ ಕೈಸೇರಿ, ಶುಲ್ಕ ಪಾವತಿಯಾಗಿ, ಹಾಜರಿ ಪುಸ್ತಕದಲ್ಲಿ ಹೆಸರು ದಾಖಲಾದ ಮಾತ್ರಕ್ಕೆ ವಿದ್ಯಾರ್ಥಿಗೆ ಕಾಲೇಜು ತನ್ನದು ಎನಿಸುವುದಿಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಪದವಿ ತರಗತಿಯ ಮೆಟ್ಟಿಲು ಹತ್ತಿದವರು, ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷ್ ಪಾಠಕ್ಕೆ ಕುಳಿತವರು, ಹಳ್ಳಿಯಿಂದ ನಗರದ ವಿದ್ಯಾರ್ಥಿನಿಲಯಕ್ಕೆ ಬಂದವರು, ವಿಕಲಚೇತನರು, ಲಿಂಗತ್ವ ಅಲ್ಪಸಂಖ್ಯಾತರು, ಇವರಲ್ಲಿ ಹಲವರು ಮೊದಲ ವರ್ಷವನ್ನು ಹಿಂದಿನ ಬೆಂಚಿನಲ್ಲಿ ಮಾತಿಲ್ಲದೆ ಕಳೆಯುವುದುಂಟು. ಕರ್ನಾಟಕದಲ್ಲಿ ವೃತ್ತಿ ಶಿಕ್ಷಣದ ಪ್ರವೇಶಕ್ಕೆ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 15 ಹಾಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳು ಮೀಸಲಿವೆ. ಇಂತಹ ಕ್ರಮಗಳು ಬಾಗಿಲನ್ನು ತೆರೆಯುತ್ತವೆ. ಒಳಗೆ ಬಂದವರು ಯಾರೊಡನೆ ಊಟಕ್ಕೆ ಕೂರುತ್ತಾರೆ, ಯಾರೊಡನೆ ಮಾತನಾಡುತ್ತಾರೆ ಎಂಬುದನ್ನು ಸೀಟು ಹಂಚಿಕೆಯ ಪಟ್ಟಿಯು ನಿರ್ಧರಿಸಲಾರದು.

ಹಾಡು, ನಾಟಕ, ನೃತ್ಯ, ಚಿತ್ರ ಮೊದಲಾದ ಕಲಾ ಚಟುವಟಿಕೆಗಳು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಬಲ್ಲವು. ಒಂದು ನಾಟಕದ ತಾಲೀಮಿಗೆ ನಿತ್ಯ ಸಂಜೆ ಎರಡು ತಾಸು ಒಟ್ಟಿಗೆ ಕಳೆಯುವ ವಿದ್ಯಾರ್ಥಿಗಳು ಪರಸ್ಪರರ ಊರು, ಮನೆಮಾತು, ಕಷ್ಟಸುಖಗಳನ್ನು ಅರಿಯುವಷ್ಟು ಮಟ್ಟಿಗೆ ಒಂದೇ ತರಗತಿಯಲ್ಲಿ ಮೂರು ವರ್ಷ ಕುಳಿತವರು ಅರಿಯುವುದು ವಿರಳ. ಆದರೆ ಅದೇ ವೇದಿಕೆಯು ಕೆಲವರನ್ನು ದೂರವಿಡುವ ಸಾಧನವೂ ಆಗಬಹುದು. ಯಾರನ್ನು ಆರಿಸಲಾಗುತ್ತದೆ, ಯಾವ ಕಲೆಗೆ ಮನ್ನಣೆ ದೊರೆಯುತ್ತದೆ, ವೇಷಭೂಷಣದ ವೆಚ್ಚವನ್ನು ಯಾರು ಭರಿಸುತ್ತಾರೆ ಎಂಬ ಸಂಗತಿಗಳ ಮೇಲೆ ಇದು ಅವಲಂಬಿಸಿದೆ. ಈ ವಿಷಯದಲ್ಲಿ ವಿದ್ಯಾರ್ಥಿಗಳಿಗೆ ಇರುವ ಅವಕಾಶಗಳು, ಕಾನೂನಿನ ರಕ್ಷಣೆ ಹಾಗೂ ಮನವಿ ಸಲ್ಲಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಮೈಸೂರಿನಲ್ಲಿರುವ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾನಿಲಯಕ್ಕೆ ಡಾ. ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ಇಡಲಾಗಿದೆ. 1913ರಲ್ಲಿ ಧಾರವಾಡದಲ್ಲಿ ಜನಿಸಿದ ಗಂಗೂಬಾಯಿಯವರ ಶಾಲಾ ಶಿಕ್ಷಣ ಪ್ರಾಥಮಿಕ ಹಂತವನ್ನು ದಾಟಲಿಲ್ಲ. 1924ರಲ್ಲಿ ಮಹಾತ್ಮ ಗಾಂಧಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಹನ್ನೊಂದು ವರ್ಷದ ಬಾಲಕಿಯಾಗಿದ್ದ ಅವರು ಸ್ವಾಗತಗೀತೆ ಹಾಡಿದ್ದರು. ತಮ್ಮನ್ನು ಕೆಳಜಾತಿಯವರೆಂದು ಪರಿಗಣಿಸಿ ಊಟದ ನಂತರ ಆ ಸ್ಥಳವನ್ನು ಶುಚಿಗೊಳಿಸಲು ಎಲ್ಲಿ ಹೇಳಿಬಿಡುತ್ತಾರೋ ಎಂಬ ಅಳುಕು ಆ ದಿನ ತಮ್ಮಲ್ಲಿತ್ತೆಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ವೇದಿಕೆಯ ಮೇಲೆ ಹಾಡಲು ಅವಕಾಶ ದೊರೆಯುವುದು ಒಂದು, ವೇದಿಕೆಯಿಂದ ಇಳಿದ ಮೇಲೆ ಸರಿಸಮನಾಗಿ ಕೂರಲು ಸ್ಥಳ ದೊರೆಯುವುದು ಮತ್ತೊಂದು. ಕಾಲೇಜುಗಳ ಸಾಂಸ್ಕೃತಿಕ ಸಮಿತಿಗಳು ಇಂದಿಗೂ ಗಮನಿಸಬೇಕಾದ ವ್ಯತ್ಯಾಸವಿದು. 2002ರಲ್ಲಿ ಪದ್ಮವಿಭೂಷಣಕ್ಕೆ ಪಾತ್ರರಾದ ಗಂಗೂಬಾಯಿಯವರು 2009ರಲ್ಲಿ ನಿಧನರಾದರು.

ಕಲೆಯನ್ನೇ ಶಿಕ್ಷಣದ ಬಾಗಿಲನ್ನಾಗಿ ಮಾಡಿದ ಮತ್ತೊಂದು ನಿದರ್ಶನ ಗದಗದ ವೀರೇಶ್ವರ ಪುಣ್ಯಾಶ್ರಮ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು ಹಾಗೂ ಅವರ ಶಿಷ್ಯರಾದ, ಅಂಧರೇ ಆಗಿದ್ದ ಪುಟ್ಟರಾಜ ಗವಾಯಿಗಳು (1914–2010) ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ವಸತಿಗಳೊಡನೆ ಸಂಗೀತ ವಿದ್ಯೆಯನ್ನು ನೀಡಿದರು. ವಿಕಲಚೇತನರ ಶಿಕ್ಷಣದ ಬಗ್ಗೆ ಪ್ರತ್ಯೇಕ ಕಾನೂನು ಬರುವುದಕ್ಕೆ ದಶಕಗಳ ಮೊದಲೇ ಈ ಕಾರ್ಯ ನಡೆದಿತ್ತು. ಅಲ್ಲಿ ಸಂಗೀತವು ಪಾಠದ ನಂತರದ ಮನರಂಜನೆಯಾಗಿರಲಿಲ್ಲ. ಅದೇ ಪಾಠ, ಅದೇ ಜೀವನೋಪಾಯ.

ವಿಶ್ವವಿದ್ಯಾನಿಲಯಗಳ ಅಂಗಳಕ್ಕೆ ಜನಪದ ಕಲೆ ಬಂದುದು ಬೇರೊಂದು ಮಾರ್ಗದಲ್ಲಿ. ಮೈಸೂರು ವಿಶ್ವವಿದ್ಯಾನಿಲಯವು 1968ರಲ್ಲಿ ಮಾನಸಗಂಗೋತ್ರಿಯ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿತು. ರಾಜಕುಮಾರಿಗಾಗಿ ಕಟ್ಟಿಸಿದ್ದ ಅರಮನೆಯ ಕೋಣೆಗಳಲ್ಲಿ ಬೇಸಾಯದ ಉಪಕರಣ, ಮನೆಬಳಕೆಯ ಪಾತ್ರೆಪಗಡ, ತೊಗಲುಗೊಂಬೆ, ಕುಣಿತದ ವೇಷಗಳಿಗೆ ಸ್ಥಾನ ದೊರೆಯಿತು. ರೈತಾಪಿ ಕುಟುಂಬದಿಂದ ಸ್ನಾತಕೋತ್ತರ ತರಗತಿಗೆ ಬಂದ ವಿದ್ಯಾರ್ಥಿಯು ತನ್ನ ಮನೆಯ ಅಟ್ಟದ ಮೇಲಿರುವಂತಹ ವಸ್ತುವನ್ನು ಅಲ್ಲಿ ಅಧ್ಯಯನದ ವಿಷಯವಾಗಿ ಕಾಣುವಂತಾಯಿತು. ಉಡುಪಿಯಲ್ಲಿ 1971ರಲ್ಲಿ ಎಂ.ಜಿ.ಎಂ. ಕಾಲೇಜಿನ ಆಶ್ರಯದಲ್ಲಿ ಯಕ್ಷಗಾನ ಕೇಂದ್ರ ಆರಂಭವಾಯಿತು. ಡಾ. ಶಿವರಾಮ ಕಾರಂತರು ಹಾಗೂ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪ್ರೊ. ಕು. ಶಿ. ಹರಿದಾಸ ಭಟ್ಟರು ಇದಕ್ಕೆ ಕಾರಣಕರ್ತರು. ಬಯಲಿನಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಆಟಕ್ಕೆ ಕಾಲೇಜಿನ ಆವರಣದಲ್ಲಿ ಗುರು, ಪಾಠ, ತರಬೇತಿಗಳ ವ್ಯವಸ್ಥೆ ಏರ್ಪಟ್ಟಿತು. ಮುಂದೆ 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೆಂದೇ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು.

ಯುವಜನೋತ್ಸವ ಮತ್ತು ತಂಡದ ಆಯ್ಕೆ

ಬಹುತೇಕ ಕಾಲೇಜುಗಳಲ್ಲಿ ಕಲಾ ಚಟುವಟಿಕೆ ಎಂದರೆ ಯುವಜನೋತ್ಸವದ ಸಿದ್ಧತೆ ಎಂದೇ ರೂಢಿಯಾಗಿದೆ. 1954ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ದೆಹಲಿಯ ತಾಲ್‌ಕಟೋರಾ ಉದ್ಯಾನದಲ್ಲಿ ಮೊದಲ ಅಂತರ ವಿಶ್ವವಿದ್ಯಾನಿಲಯ ಯುವಜನೋತ್ಸವವನ್ನು ನಡೆಸಿತು. ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ಏರ್ಪಡಿಸುವ ಉತ್ಸವಗಳಲ್ಲಿ ಸಂಗೀತ, ನೃತ್ಯ, ಸಾಹಿತ್ಯ, ರಂಗಭೂಮಿ, ಲಲಿತಕಲೆ ಎಂಬ ಐದು ವಿಭಾಗಗಳಿವೆ. ಏಕಾಂಕ ನಾಟಕವನ್ನು ಪ್ರಾದೇಶಿಕ ಭಾಷೆಯಲ್ಲಿಯೂ ಪ್ರದರ್ಶಿಸಬಹುದು. ಕನ್ನಡದಲ್ಲಿ ಅಭಿನಯಿಸಿದರೆ ಅಂಕ ಕಡಿಮೆಯಾದೀತೆಂಬ ಆತಂಕದಿಂದ ಹಿಂದೆ ಸರಿಯುವ ವಿದ್ಯಾರ್ಥಿಗಳು ಇದನ್ನು ತಿಳಿದಿರುವುದು ಒಳಿತು.

ಸ್ಪರ್ಧೆಯಲ್ಲಿ ತಂಡದ ಸಂಖ್ಯೆಗೆ ಮಿತಿಯಿರುತ್ತದೆ. ಸಾವಿರಾರು ವಿದ್ಯಾರ್ಥಿಗಳಿರುವ ಸಂಸ್ಥೆಯಿಂದ ಒಂದು ನಾಟಕಕ್ಕೆ ಅಥವಾ ಒಂದು ಜನಪದ ನೃತ್ಯಕ್ಕೆ ಹೋಗುವವರು ಹತ್ತು ಮಂದಿಯ ಆಸುಪಾಸು. ಗೆಲುವಿನ ಒತ್ತಡವಿರುವಾಗ ಆಯ್ಕೆ ಮಾಡುವವರು ಬಾಲ್ಯದಿಂದಲೇ ಗುರುಗಳ ಬಳಿ ಅಭ್ಯಾಸ ಮಾಡಿದವರನ್ನೇ ಆರಿಸುವುದು ಸಹಜ. ಅಂತಹ ಅಭ್ಯಾಸಕ್ಕೆ ಹಣ, ಸಮಯ, ನಗರವಾಸ ಮೂರೂ ಬೇಕು. ಹೀಗಾಗಿ ಯಾರಿಗೆ ಮೊದಲೇ ವೇದಿಕೆ ದೊರೆತಿತ್ತೋ ಅವರಿಗೇ ಮತ್ತೆ ದೊರೆಯುತ್ತದೆ. ಇದು ಯಾರೊಬ್ಬರ ದುರುದ್ದೇಶದಿಂದ ಆಗುವುದಲ್ಲ, ಆದರೂ ಫಲಿತಾಂಶ ಒಂದೇ. ಫಲಕಗಳು ಪ್ರಾಂಶುಪಾಲರ ಕೊಠಡಿಯ ಗಾಜಿನ ಬೀರುವಿನಲ್ಲಿ ತುಂಬುತ್ತವೆ. ಹಾಡಬಯಸಿದ ಉಳಿದವರು ಪ್ರೇಕ್ಷಕರಾಗಿಯೇ ಪದವಿ ಮುಗಿಸುತ್ತಾರೆ.

ಆದುದರಿಂದ ಸ್ಪರ್ಧೆಯ ಹೊರಗಿನ ಚಟುವಟಿಕೆಗಳಿಗೆ ಹೆಚ್ಚಿನ ಮಹತ್ವವಿದೆ. 1969ರಲ್ಲಿ 37 ವಿಶ್ವವಿದ್ಯಾನಿಲಯಗಳಲ್ಲಿ ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವು ಇದಕ್ಕೆ ಉತ್ತಮ ಉದಾಹರಣೆ. ಹಗಲು ಶ್ರಮದಾನ, ಸಂಜೆ ಊರಿನ ಶಾಲೆಯ ಮುಂದೆ ಮನರಂಜನೆ. ಅಲ್ಲಿ ತೀರ್ಪುಗಾರರಿಲ್ಲ, ಆಯ್ಕೆಯಿಲ್ಲ. ತರಗತಿಯಲ್ಲಿ ಬಾಯಿ ಬಿಡದ ವಿದ್ಯಾರ್ಥಿನಿಯು ಅಜ್ಜಿಯಿಂದ ಕಲಿತ ಬೀಸುವ ಪದವನ್ನು ಊರಿನ ಮಹಿಳೆಯರೊಡನೆ ಹಾಡುವ ಸಂದರ್ಭಗಳು ಇಂತಹ ಶಿಬಿರಗಳಲ್ಲಿ ಒದಗಿಬರುತ್ತವೆ. ಸದರಿ ಯೋಜನೆಯ ಸ್ವಯಂಸೇವಕರಾಗಲು ಯಾವುದೇ ಕಲಾ ಅರ್ಹತೆ ಅಗತ್ಯವಿರುವುದಿಲ್ಲ. ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕಾಗುತ್ತದೆ. ಆಸಕ್ತರು ಆಯಾ ಕಾಲೇಜಿನ ಕಾರ್ಯಕ್ರಮಾಧಿಕಾರಿಗಳಲ್ಲಿ ಹೆಸರು ನೋಂದಾಯಿಸಬಹುದು.

ಜನಪದ ವಾದ್ಯಗಳು ಮತ್ತು ಜಾತಿ

ಈ ವಿಷಯದಲ್ಲಿ ಕಾಲೇಜುಗಳು ವಿಶೇಷ ಎಚ್ಚರ ವಹಿಸುವುದು ಅವಶ್ಯ. ತಮಟೆಯು ಚರ್ಮವಾದ್ಯ. ಊರಹಬ್ಬಕ್ಕೂ ಸಾವಿಗೂ ತಮಟೆ ಬಾರಿಸುವುದನ್ನು ದಲಿತ ಸಮುದಾಯಗಳ ಮೇಲೆ ಕಟ್ಟುಪಾಡಾಗಿ ಹೇರಿದ್ದ ಇತಿಹಾಸ ನಾಡಿನ ಅನೇಕ ಗ್ರಾಮಗಳಿಗಿದೆ. ಇಂದು ಅದೇ ತಮಟೆಯು ಕಾಲೇಜು ಮೆರವಣಿಗೆಗಳ ಮುಂಚೂಣಿಯಲ್ಲಿದೆ, ಸಭಿಕರೆಲ್ಲ ಎದ್ದು ಹೆಜ್ಜೆ ಹಾಕುತ್ತಾರೆ. ವಾದ್ಯಕ್ಕೆ ಗೌರವ ಬಂದಿದೆ ಎಂಬುದು ನಿಜ. ಬಾರಿಸುವವರಿಗೂ ಅಷ್ಟೇ ಗೌರವ ಬಂದಿದೆಯೇ ಎಂಬುದನ್ನು ಒಂದು ಸರಳ ಪರೀಕ್ಷೆಯಿಂದ ತಿಳಿಯಬಹುದು: ತಮಟೆ ತಂಡಕ್ಕೆ ಹೆಸರು ಕೇಳುವಾಗ ಇಡೀ ತರಗತಿಯನ್ನು ಕೇಳಲಾಯಿತೇ, ಅಥವಾ ಒಂದು ಸಮುದಾಯದ ಇಬ್ಬರು ಮೂವರನ್ನು ಮಾತ್ರ ಕರೆದು ‘ನಿಮಗೆ ಬರುತ್ತದಲ್ಲ’ ಎಂದು ಹೇಳಲಾಯಿತೇ?

ಎರಡನೆಯ ರೀತಿಯಲ್ಲಿ ಕರೆದಾಗ ಊರಿನ ಹಳೆಯ ಕಟ್ಟುಪಾಡೇ ಕಾಲೇಜಿಗೆ ಬಂದಂತಾಗುತ್ತದೆ. ಕರೆದವರು ಮೆಚ್ಚುಗೆಯಿಂದಲೇ ಕರೆದಿದ್ದರೂ ವಿದ್ಯಾರ್ಥಿಯ ಜಾತಿಯನ್ನು ಎಲ್ಲರೆದುರು ಹೇಳಿದಂತಾಗುತ್ತದೆ. ಆ ವಾದ್ಯದಿಂದ ದೂರ ಹೋಗಲೆಂದೇ ಹೆತ್ತವರು ಮಕ್ಕಳನ್ನು ಕಾಲೇಜಿಗೆ ಕಳುಹಿಸಿರಬಹುದು. ಬಾರಿಸಲು ಇಷ್ಟವಿಲ್ಲ ಎನ್ನುವ ಹಕ್ಕು ವಿದ್ಯಾರ್ಥಿಗೆ ಪೂರ್ಣವಾಗಿ ಇದೆ. ಹೆಮ್ಮೆಯಿಂದ ಬಾರಿಸಬಯಸುವವರೂ ಬೇಕಾದಷ್ಟು ಮಂದಿ ಇದ್ದಾರೆ. ಅವರು ಉಳಿದವರಿಗೆ ಕಲಿಸುವ ಸ್ಥಾನದಲ್ಲಿದ್ದಾಗ ಕ್ರಮವೇ ತಿರುಗುತ್ತದೆ. ಎಲ್ಲ ಸಮುದಾಯದ ಹುಡುಗ ಹುಡುಗಿಯರು ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ನಾದ ಹದಗೊಳಿಸುವುದನ್ನು ಒಬ್ಬ ಸಹಪಾಠಿಯಿಂದ ಕಲಿಯುವುದು ಯಾವ ಉಪನ್ಯಾಸಕ್ಕಿಂತಲೂ ಹೆಚ್ಚಿನ ಪರಿಣಾಮ ಬೀರುತ್ತದೆ. ಡೊಳ್ಳು ಕುಣಿತದಲ್ಲಿ ಇಂತಹ ಬದಲಾವಣೆ ಈಗಾಗಲೇ ಕಾಣುತ್ತಿದೆ. ಬೀರೇಶ್ವರನ ಆರಾಧನೆಯೊಡನೆ ಬೆಸೆದುಕೊಂಡು, ಬಹುಪಾಲು ಪುರುಷರ ಕಲೆಯಾಗಿದ್ದ ಡೊಳ್ಳನ್ನು ಇಂದು ಮಹಿಳಾ ತಂಡಗಳೂ ಹೊತ್ತು ಕುಣಿಯುತ್ತಿವೆ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ವಿದ್ಯಾರ್ಥಿಗಳ ವಿರುದ್ಧದ ತಾರತಮ್ಯವನ್ನು ತಡೆಯುವುದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2012ರಲ್ಲಿ ರೂಪಿಸಿದ ಸಮತೆ ಕುರಿತ ವಿನಿಯಮಗಳ ಮುಖ್ಯ ಉದ್ದೇಶವಾಗಿತ್ತು. ಸಮಾನ ಅವಕಾಶ ಕೋಶ ಹಾಗೂ ತಾರತಮ್ಯ ವಿರೋಧಿ ಅಧಿಕಾರಿಯ ವ್ಯವಸ್ಥೆಯು ಈ ವಿನಿಯಮಗಳಿಂದ ಬಂದುದು. ವಿನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಗೆ ಒಳಪಡುವುದರಿಂದ, ದೂರು ನೀಡುವ ಮುನ್ನ ಆ ದಿನದಂದು ಜಾರಿಯಲ್ಲಿರುವ ನಿಯಮವನ್ನು ಹಾಗೂ ಸಂಬಂಧಪಟ್ಟ ಅಧಿಕಾರಿಯ ಹೆಸರನ್ನು ಕಾಲೇಜಿನ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು.

ವಿಕಲಚೇತನರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 32ನೆಯ ಪ್ರಕರಣದಂತೆ ಸರ್ಕಾರಿ ಹಾಗೂ ಸರ್ಕಾರದ ಅನುದಾನ ಪಡೆಯುವ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ನಿಗದಿತ ಪ್ರಮಾಣದ ವಿಕಲತೆಯುಳ್ಳವರಿಗೆ ಶೇ. 5ಕ್ಕೆ ಕಡಿಮೆಯಿಲ್ಲದಂತೆ ಸೀಟುಗಳನ್ನು ಮೀಸಲಿಡಬೇಕು. ಪ್ರವೇಶದ ಗರಿಷ್ಠ ವಯೋಮಿತಿಯಲ್ಲಿ ಐದು ವರ್ಷಗಳ ಸಡಿಲಿಕೆಯೂ ಇದೆ. ಇದು ಬಹುಮಂದಿಗೆ ತಿಳಿದಿದೆ. ಅದೇ ಅಧಿನಿಯಮದ 29ನೆಯ ಪ್ರಕರಣ ಅಷ್ಟಾಗಿ ಪ್ರಚಾರದಲ್ಲಿಲ್ಲ. ವಿಕಲಚೇತನ ಕಲಾವಿದರು ಹಾಗೂ ಬರಹಗಾರರಿಗೆ ನೆರವು, ಕಲೆಯನ್ನು ಅವರ ಎಟುಕಿಗೆ ತರುವುದು, ನೃತ್ಯ ಹಾಗೂ ಕಲಾ ತರಗತಿಗಳಲ್ಲಿ ಅವರು ಭಾಗವಹಿಸಲು ಅನುಕೂಲ ಕಲ್ಪಿಸುವುದು, ಅಷ್ಟೇ ಅಲ್ಲದೆ ಕಲೆ ಮತ್ತು ಸಂಸ್ಕೃತಿ ವಿಷಯಗಳ ಪಠ್ಯಕ್ರಮವನ್ನೇ ಅವರಿಗೆ ಒಗ್ಗುವಂತೆ ಮರುರೂಪಿಸುವುದು ಈ ಪ್ರಕರಣದಲ್ಲಿ ಸೇರಿವೆ. ವಿಕಲಚೇತನ ವಿದ್ಯಾರ್ಥಿಯನ್ನು ವೇದಿಕೆಯ ಮುಂದಿನ ಸಾಲಿನಲ್ಲಿ ಕೂರಿಸಿ ಸನ್ಮಾನಿಸುವುದರಿಂದ ಈ ಕರ್ತವ್ಯ ಪೂರೈಸಿದಂತಾಗುವುದಿಲ್ಲ.

ಕಾಲೇಜುಗಳ ಸಭಾಂಗಣದಲ್ಲಿ ಪ್ರೇಕ್ಷಕರ ಪ್ರವೇಶದ್ವಾರಕ್ಕೆ ಇಳಿಜಾರು ಕಟ್ಟಿದ್ದು, ವೇದಿಕೆಗೆ ಮಾತ್ರ ಮೆಟ್ಟಿಲುಗಳೇ ಇರುವುದು ಸಾಮಾನ್ಯವಾಗಿ ಕಂಡುಬರುವ ಲೋಪ. ಗಾಲಿಕುರ್ಚಿ ಬಳಸುವವರು ನೋಡಲು ಬರಬಹುದು, ಅಭಿನಯಿಸಲು ಬರುವಂತಿಲ್ಲ ಎಂದು ಆ ಕಟ್ಟಡವೇ ತೀರ್ಮಾನಿಸಿದಂತೆ. ತಾಲೀಮಿನ ಕೊಠಡಿಯನ್ನು ನೆಲಮಹಡಿಗೆ ಬದಲಾಯಿಸುವುದು, ಶ್ರವಣದೋಷವುಳ್ಳವರು ಇರುವ ತಂಡದಲ್ಲಿ ಸೂಚನೆಗಳನ್ನು ಬರೆದು ಅಥವಾ ಸಂಜ್ಞಾಭಾಷೆಯಲ್ಲಿ ನೀಡುವುದು, ದೃಷ್ಟಿದೋಷವುಳ್ಳ ನಟರಿಗೆ ಸಂಭಾಷಣೆಯನ್ನು ಧ್ವನಿಮುದ್ರಿಸಿ ಕೊಡುವುದು ಹೆಚ್ಚಿನ ವೆಚ್ಚವಿಲ್ಲದೆ ಆಗುವ ಕೆಲಸಗಳು. ಇವುಗಳಿಗಾಗಿ ಪ್ರಾಂಶುಪಾಲರಿಗೆ ಲಿಖಿತ ಮನವಿ ನೀಡಬಹುದು. ಮನವಿ ತಿರಸ್ಕೃತವಾದಲ್ಲಿ ರಾಜ್ಯ ಅಂಗವಿಕಲ ವ್ಯಕ್ತಿಗಳ ಅಧಿನಿಯಮದ ಆಯುಕ್ತರಿಗೆ ದೂರು ಸಲ್ಲಿಸಲು ಅವಕಾಶವಿದೆ.

ಲಿಂಗತ್ವ ಅಲ್ಪಸಂಖ್ಯಾತರ (ಹಕ್ಕುಗಳ ರಕ್ಷಣೆ) ಅಧಿನಿಯಮ, 2019ರ 13ನೆಯ ಪ್ರಕರಣವು ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿಯೊಂದು ಶಿಕ್ಷಣ ಸಂಸ್ಥೆಯಲ್ಲಿ ಒಳಗೊಳ್ಳುವ ಶಿಕ್ಷಣ ಹಾಗೂ ಕ್ರೀಡೆ, ಮನರಂಜನೆ, ವಿರಾಮದ ಚಟುವಟಿಕೆಗಳಲ್ಲಿ ತಾರತಮ್ಯವಿಲ್ಲದ ಅವಕಾಶವನ್ನು ಕಡ್ಡಾಯಗೊಳಿಸಿತು. ಗಂಡು, ಹೆಣ್ಣು ಎಂದು ಎರಡೇ ಸಾಲುಗಳಿರುವ ನೃತ್ಯ ತಂಡದ ಅರ್ಜಿ ನಮೂನೆಯೂ ಇದರ ವ್ಯಾಪ್ತಿಗೆ ಬರುವ ಸಂಗತಿಯೇ. ಜೋಗತಿ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿ ಅವರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದರು. ಕಲೆಯಿಂದ ಅವರಿಗೆ ದೊರೆತ ಸ್ಥಾನವು ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಗೂ ತನ್ನ ತರಗತಿಯ ಮಟ್ಟಿಗಾದರೂ ದೊರೆಯಬೇಕೆಂಬುದು ಕಾನೂನಿನ ಆಶಯ.

ಬಲವಂತದ ಪ್ರದರ್ಶನ: ರ‍್ಯಾಗಿಂಗ್

ಹೊಸ ವಿದ್ಯಾರ್ಥಿಗಳನ್ನು ಹಿರಿಯರ ಮುಂದೆ ನಿಲ್ಲಿಸಿ ಹಾಡಲು, ಕುಣಿಯಲು, ಅಣಕಿಸಲು ಒತ್ತಾಯಿಸುವುದು ಅನೇಕ ವಸತಿನಿಲಯಗಳಲ್ಲಿ ‘ಪರಿಚಯ’ದ ಹೆಸರಿನಲ್ಲಿ ನಡೆದುಬಂದಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ರ‍್ಯಾಗಿಂಗ್ ತಡೆ ವಿನಿಯಮಗಳ ಪ್ರಕಾರ, ವಿದ್ಯಾರ್ಥಿಯು ಸಾಮಾನ್ಯವಾಗಿ ಮಾಡದಿರುವ, ಅವಮಾನ ಅಥವಾ ಮುಜುಗರವನ್ನು ಉಂಟುಮಾಡುವ ಕೃತ್ಯವನ್ನು ಮಾಡುವಂತೆ ಹೇಳುವುದು ರ‍್ಯಾಗಿಂಗ್ ಆಗುತ್ತದೆ. ಹಾಡು ಎಂಬ ಕಾರಣಕ್ಕೆ ಅದಕ್ಕೆ ವಿನಾಯಿತಿ ಇಲ್ಲ. ಗಮನಾರ್ಹ ಸಂಗತಿಯೆಂದರೆ, ಹೊಸಬರು ಹಾಗೂ ಹಿರಿಯರು ಬೋಧಕರ ಸಮ್ಮುಖದಲ್ಲಿ ಬೆರೆಯುವಂತೆ ಸಾಂಸ್ಕೃತಿಕ ಚಟುವಟಿಕೆಗಳನ್ನು ದೊಡ್ಡ ಪ್ರಮಾಣದಲ್ಲಿ ಏರ್ಪಡಿಸಬೇಕೆಂದು ಅದೇ ವಿನಿಯಮಗಳು ಸಂಸ್ಥೆಗಳಿಗೆ ಸೂಚಿಸಿವೆ. ಹಾಡು ಒಂದೇ ಆದರೂ ಒಂದು ಕಡೆ ಅದು ಶಿಕ್ಷೆ, ಮತ್ತೊಂದು ಕಡೆ ಸ್ನೇಹ. ಬೇಡ ಎನ್ನಲು ಸಾಧ್ಯವಿತ್ತೇ ಎಂಬುದರಿಂದ ಇವೆರಡನ್ನು ಬೇರ್ಪಡಿಸಬಹುದು.

ವೆಚ್ಚ ಮತ್ತು ಶುಲ್ಕ

ಅನೇಕ ಕಾಲೇಜುಗಳಲ್ಲಿ ಪ್ರವೇಶ ಶುಲ್ಕದೊಡನೆ ಸಾಂಸ್ಕೃತಿಕ ಚಟುವಟಿಕೆಗಳ ಬಾಬ್ತು ಒಂದು ಮೊತ್ತವನ್ನು ಪಡೆಯಲಾಗುತ್ತದೆ. ಎಲ್ಲರಿಂದ ಪಡೆದ ಹಣವು ಕೆಲವರ ಪ್ರವಾಸ ಮತ್ತು ವೇಷಭೂಷಣಕ್ಕೆ ಮಾತ್ರ ವಿನಿಯೋಗವಾಗುತ್ತಿದ್ದರೆ ಪ್ರಶ್ನಿಸುವುದು ತಪ್ಪಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ನೃತ್ಯಕ್ಕೆ ಆಯ್ಕೆಯಾದರೂ ಉಡುಪಿನ ಬಾಡಿಗೆ ಕಟ್ಟಲಾಗದೆ, ಅಥವಾ ತಾಲೀಮು ಮುಗಿಯುವ ವೇಳೆಗೆ ಊರಿಗೆ ಕೊನೆಯ ಬಸ್ಸು ಹೊರಟುಹೋಗುವುದರಿಂದ, ಏನೋ ಒಂದು ನೆಪ ಹೇಳಿ ಹಿಂದೆ ಸರಿಯುವವರಿದ್ದಾರೆ. ನಿಜವಾದ ಕಾರಣವನ್ನು ಅವರು ಹೇಳಿಕೊಳ್ಳುವುದು ವಿರಳವಾದ್ದರಿಂದ ಬೋಧಕರೇ ವಿಚಾರಿಸುವುದು ಸೂಕ್ತ. ತಾಲೀಮನ್ನು ಮಧ್ಯಾಹ್ನದ ವೇಳೆಗೆ ಬದಲಾಯಿಸಿದರೆ ಸಾಲದ ಸಮಸ್ಯೆಯಲ್ಲದಿದ್ದರೂ ಬಸ್ಸಿನ ಸಮಸ್ಯೆ ನಿವಾರಣೆಯಾಗುತ್ತದೆ.

ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳಲ್ಲಿ ಸದರಿ ಶುಲ್ಕದ ಜಮಾಖರ್ಚನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಕೇಳಬಹುದು. ಅರ್ಜಿ ಶುಲ್ಕ ರೂ. 10. ಬಡತನ ರೇಖೆಗಿಂತ ಕೆಳಗಿರುವವರು ಶುಲ್ಕ ನೀಡಬೇಕಾಗಿಲ್ಲ. ಕರ್ನಾಟಕದ ನಿಯಮಗಳಂತೆ ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು. ಸಾರ್ವಜನಿಕ ಮಾಹಿತಿ ಅಧಿಕಾರಿಯು 30 ದಿನಗಳೊಳಗೆ ಉತ್ತರಿಸಬೇಕು.

ಮನವಿ ಸಲ್ಲಿಸುವ ಕ್ರಮ

ಹೊಸ ಕಲಾ ತಂಡ ಅಥವಾ ಸಂಘ ಆರಂಭಿಸಬಯಸುವ ವಿದ್ಯಾರ್ಥಿಗಳು ಪ್ರಾಂಶುಪಾಲರನ್ನು ಉದ್ದೇಶಿಸಿ, ಸಾಂಸ್ಕೃತಿಕ ಸಮಿತಿಯ ಸಂಚಾಲಕರ ಮುಖಾಂತರ ಬಿಳಿಯ ಹಾಳೆಯಲ್ಲಿ ಅರ್ಜಿ ಬರೆದರೆ ಸಾಕಾಗುತ್ತದೆ. ಆಸಕ್ತರ ಹೆಸರು, ತರಗತಿ, ಬೇಕಾದ ಕೊಠಡಿ ಹಾಗೂ ವೇಳೆ, ಯಾವ ಕಲೆ ಎಂಬ ವಿವರಗಳಿರಲಿ. ಕಲಾವಿದರೊಬ್ಬರನ್ನು ತರಬೇತಿಗೆ ಕರೆಸುವ ಉದ್ದೇಶವಿದ್ದರೆ ಅದನ್ನೂ ನಮೂದಿಸಿ ಸಂಭಾವನೆಯ ಅಂದಾಜು ನೀಡಬೇಕು. ಅರ್ಜಿಯನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ಸ್ವೀಕೃತಿಯ ಮೊಹರಿರುವ ಪ್ರತಿಯನ್ನು ಪಡೆದು ಇಟ್ಟುಕೊಳ್ಳುವುದನ್ನು ಮರೆಯಬಾರದು.

ತಾರತಮ್ಯ ಅಥವಾ ಬಲವಂತದ ಬಗ್ಗೆ ದೂರು ನೀಡುವವರು ದಿನಾಂಕ, ಸ್ಥಳ, ಹಾಜರಿದ್ದವರ ವಿವರಗಳನ್ನು ಆದಷ್ಟು ಬೇಗ ಬರೆದಿಡುವುದು ಅನುಕೂಲ. ತಿಂಗಳು ಕಳೆದರೆ ಸಾಕ್ಷಿ ಹೇಳುವವರೇ ಅನುಮಾನಿಸುತ್ತಾರೆ. ರ‍್ಯಾಗಿಂಗ್‌ಗೆ ಸಂಬಂಧಿಸಿದ ದೂರುಗಳನ್ನು ದಿನದ 24 ಗಂಟೆಯೂ ರಾಷ್ಟ್ರೀಯ ಸಹಾಯವಾಣಿ 1800-180-5522ಕ್ಕೆ ಶುಲ್ಕರಹಿತವಾಗಿ ಕರೆ ಮಾಡಿ ದಾಖಲಿಸಬಹುದು. ಇತರ ವಿಷಯಗಳಿಗೆ ಆಯಾ ಕಾಲೇಜಿನ ಪ್ರಾಂಶುಪಾಲರನ್ನು ಅಥವಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.